ಕಾಣಿಕೆಗೆ ಬೇಕಾದ ಪೀಠ

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನೋಡಿದೆ. ದೋಣಿ ಹತ್ತಿರವಾಗುತ್ತಿದ್ದಂತೆ ನನಗೆ ನೆನಪಾದದ್ದು ಮಡಿಕೇರಿಯ ನಮ್ಮ ಮನೆಯ ಅಟ್ಟದಲ್ಲಿ ಮಳೆಗಾಲದ ತೇವಕ್ಕೆ ಕಿಲುಬು ಹಿಡಿಯುವ ತಾಮ್ರದ ಹಂಡೆ. ಹಂಡೆಯ ಕಿಲುಬನ್ನು ನಾವು ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯುತ್ತೇವೆ. ಅಲ್ಲಿ, ಕೇವಲ 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡನ್ನು ಆ ಹಸಿರು ಪದರವೇ ಕಾಯುತ್ತಿದೆ.

ಶಿಲ್ಪಿ ಬಾರ್ತೋಲ್ದಿ ರೂಪಿಸಿದ, ಐಫೆಲ್ ಒಳಗಿನ ಕಬ್ಬಿಣದ ಚೌಕಟ್ಟು ಒದಗಿಸಿದ ಈ ಪ್ರತಿಮೆ ಫ್ರಾನ್ಸಿನ ಜನರ ಕಾಣಿಕೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ನಿಲ್ಲಿಸುವ ಪೀಠವನ್ನು ಅಮೆರಿಕದವರೇ ಕಟ್ಟಿಕೊಳ್ಳಬೇಕಿತ್ತು ಎಂಬುದು ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟಿದೆ. 1884ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ 50,000 ಡಾಲರ್ ನೆರವಿನ ಮಸೂದೆಯನ್ನು ತಡೆದರು. ದೇಶದ ಸಂಸತ್ತೂ ಹಣ ಕೊಡಲಿಲ್ಲ. ಪ್ರತಿಮೆ 214 ಪೆಟ್ಟಿಗೆಗಳಲ್ಲಿ ಹಡಗೇರಿ 1885ರ ಜೂನ್‌ನಲ್ಲಿ ಬಂದಿಳಿದಾಗಲೂ ಪೀಠ ಮುಗಿದಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲೇ ಪತ್ರಿಕೋದ್ಯಮಿ ಪುಲಿಟ್ಜರ್, ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ದಾನಿಯ ಹೆಸರನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಾಗಿ ಹೇಳಿ ಜನರ ಮುಂದೆ ಕೈಚಾಚಿದ್ದರು. ಆಗಸ್ಟ್ ಹೊತ್ತಿಗೆ 1,20,000ಕ್ಕೂ ಹೆಚ್ಚು ಮಂದಿಯಿಂದ ಒಂದು ಲಕ್ಷ ಡಾಲರಿಗೂ ಮಿಗಿಲಾದ ಹಣ ಕೂಡಿತು; ಬಹುಪಾಲು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಶಾಲೆಯ ಮಕ್ಕಳೂ ತಮ್ಮ ಚಿಲ್ಲರೆ ಕಾಸು ಕಳಿಸಿದರು. 1886ರ ಅಕ್ಟೋಬರ್ 28ರಂದು ಪ್ರತಿಮೆ ಅನಾವರಣಗೊಂಡಿತು. ಫ್ರಾನ್ಸಿನ ಕಾಣಿಕೆ ಅಮೆರಿಕದವರ ಸ್ವಂತದ್ದಾದದ್ದು ಈ ಚಿಲ್ಲರೆ ಕಾಸಿನಿಂದಲೇ ಎಂದು ನಾನು ನಂಬುತ್ತೇನೆ.

ನಮಗೂ ಪರದೇಶವೊಂದರಿಂದ ಇಂಥ ಗೌರವ ದೊರೆತಿದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದ ನಮ್ಮ ಜನರಲ್ ತಿಮ್ಮಯ್ಯನವರು 1965ರಲ್ಲಿ ಸೈಪ್ರಸ್‌ನಲ್ಲಿ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಆ ಪುಟ್ಟ ದ್ವೀಪರಾಷ್ಟ್ರ ಮರುವರ್ಷವೇ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಲಾರ್ನಕಾ ನಗರದ ಒಂದು ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಬೆಳೆದ 'ಸನ್ನಿಸೈಡ್' ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ನಮ್ಮ ವೃತ್ತಗಳಲ್ಲಿ ನಿಂತಿರುವ ವೀರರ ಪ್ರತಿಮೆಗಳಿಗೆ ಜಯಂತಿಯ ದಿನ ಹಾರ ಹಾಕಿ ಬಂದ ನಾವು, ಆಷಾಢದ ಮಳೆಗೆ ಕಟ್ಟೆಯ ಮೇಲೆ ಪಾಚಿ ಬೆಳೆದಾಗ ಅದು ಇನ್ನಾರದೋ ಕೆಲಸವೆಂದು ಕೊಡೆ ಹಿಡಿದು ದಾಟಿ ಹೋಗುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ನಡೆದಿದ್ದೇನೆ, ಅದು ನನ್ನನ್ನು ಈಗ ನೋಯಿಸುತ್ತಿದೆ.

ಮುಂದಿನ ಮುಂಗಾರಿಗೆ ಮೊದಲು ನಮ್ಮ ಬೀದಿಯ ಮನೆಮನೆಯಿಂದ ಹತ್ತು ಹತ್ತು ರೂಪಾಯಿ ಎತ್ತಿ ಒಂದು ಕಟ್ಟೆಯನ್ನಾದರೂ ತೊಳೆಸಿ ದುರಸ್ತಿ ಮಾಡಿಸಲು ಅನುಮತಿ ಕೋರುವ ಅರ್ಜಿ ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ.