ನಲವತ್ತೊಂದು ಮಕ್ಕಳು ತಮಿಳುನಾಡು ಸೇರಿದ್ದು

ನಮ್ಮಕ್ಕನ ಮಗಳು ಹತ್ತನೇ ಕ್ಲಾಸು. ಅವಳ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. "ವಿಜ್ಞಾನ ಪ್ರಾಜೆಕ್ಟ್: ಮಳೆನೀರು ಕೊಯ್ಲು. ಕೆಲಸ ಸಂಪೂರ್ಣ ಸ್ವಂತದ್ದಾಗಿರಬೇಕು. ಕಾಪಿ ಮಾಡಿದರೆ ಅಂಕ ಇಲ್ಲ. ಮಾದರಿ ಪಿಡಿಎಫ್ ಲಗತ್ತಿಸಿದೆ. ಎಲ್ಲರೂ ಇದೇ ರೀತಿ ಬರೆದು ತರತಕ್ಕದ್ದು." ಅದರ ಕೆಳಗೆ ಅಪ್ಪ ಅಮ್ಮಂದಿರ ಕೈಮುಗಿದ ಇಮೋಜಿಗಳ ಸಾಲು.

ಸ್ವಂತದ್ದಾಗಿರಬೇಕು, ಇದೇ ರೀತಿಯೂ ಇರಬೇಕು. ದ್ವೈತ ಅದ್ವೈತ ಅಂತ ನೂರಾರು ವರ್ಷ ನಡೆದ ಜಗಳವನ್ನು ಒಂದೇ ಮೆಸೇಜಲ್ಲಿ ಬಗೆಹರಿಸಿದ ಆ ಮಹಾನುಭಾವರಿಗೆ ನನ್ನದೂ ಒಂದು ಕೈಮುಗಿದ ಇಮೋಜಿ.

ಪಿಡಿಎಫ್ ಹನ್ನೆರಡು ಪುಟ. ಮೊದಲ ಪುಟಕ್ಕೆ ಗುಲಾಬಿ ಹೂವಿನ ಬಾರ್ಡರ್. ಎರಡನೇ ಪುಟ ಪ್ರಮಾಣಪತ್ರ: "ಈ ಪ್ರಾಜೆಕ್ಟನ್ನು ಸದರಿ ವಿದ್ಯಾರ್ಥಿಯು ಸ್ವಂತ ಪರಿಶ್ರಮದಿಂದ ಮಾಡಿರುತ್ತಾನೆ/ಳೆ." ಹೆಸರಿನ ಜಾಗ ಮಾತ್ರ ಖಾಲಿ. ಮೂರನೇ ಪುಟ ಕೃತಜ್ಞತೆ. ಹೆತ್ತ ಅಪ್ಪ ಅಮ್ಮನಿಗೆ ಹೇಳುವ ಥ್ಯಾಂಕ್ಸೂ ರೆಡಿಮೇಡ್. ಮಕ್ಕಳಿಗೆ ಎಷ್ಟು ಅನುಕೂಲ ನೋಡಿ.

ಅದೇ ವಾರ ಆಧಾರ್ ಕಾರ್ಡಿನ ಜೆರಾಕ್ಸಿಗೆ ಅಂತ ಅಂಗಡಿಗೆ ಹೋಗಿದ್ದೆ. ಒಬ್ಬ ಅಪ್ಪ ಮಗನ ಜೊತೆ ನಿಂತಿದ್ದರು. ಅಂಗಡಿಯವನು ತಲೆ ಎತ್ತದೆ ಕೇಳಿದ: "ಟೆಂತಾ? ಮಳೆನೀರಾ?"

"ಹೂಂ."

"ಕಲರ್ ಹಾಕ್ಲಾ ಸಾರ್? ಕಲರ್ ಆದ್ರೆ ಮಿಸ್ಸು ಎರಡು ಮಾರ್ಕ್ಸ್ ಜಾಸ್ತಿ ಕೊಡ್ತಾರೆ."

"ಕೈಯಲ್ಲೇ ಬರೀಬೇಕಂತಲ್ಲಪ್ಪಾ?"

"ಅದಕ್ಕೂ ಜನ ಇದಾರೆ ಸಾರ್. ಪಕ್ಕದ ಬೀದೀಲಿ ಒಬ್ರು ಮೇಡಂ ಬರ್ಕೊಡ್ತಾರೆ. ಅಕ್ಷರ ಮುತ್ತಿನ ಹಾಗಿರುತ್ತೆ."

ಹುಡುಗ ಮೊಬೈಲ್ ನೋಡುತ್ತಾ ನಿಂತಿದ್ದ. ಇಡೀ ಪ್ರಾಜೆಕ್ಟಲ್ಲಿ ಅವನ ಪಾಲಿನ ಕೆಲಸ ಒಂದೇ, ಹೆಸರು ಹೇಳೋದು. ಅದನ್ನೂ ಅಪ್ಪನೇ ಹೇಳಿದರು, ಇನಿಶಿಯಲ್ ಸಮೇತ.

ಪಿಡಿಎಫ್‌ನ ಐದನೇ ಪುಟಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಪುಟ ಅದು. "ನಮ್ಮ ರಾಜ್ಯದಲ್ಲಿ 2003ರಲ್ಲೇ ಎಲ್ಲಾ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಲಾಯಿತು" ಅಂತಿದೆ. ಹಾಗೆ ಮಾಡಿದ್ದು ತಮಿಳುನಾಡು. ಬೆಂಗಳೂರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಕಡ್ಡಾಯ ಮಾಡಿದ್ದು 2009ರಲ್ಲಿ. ಚೆನ್ನೈ ಕಡೆಯ ಯಾವುದೋ ಮಗು ಯಾವತ್ತೋ ಬರೆದದ್ದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮೊಬೈಲಿನ ಅನುವಾದದಲ್ಲಿ ಕನ್ನಡಕ್ಕೆ ಬಂದು, ನಮ್ಮ ಗ್ರೂಪಿಗೆ ಬಿದ್ದಿರಬೇಕು. ಕ್ಲಾಸಲ್ಲಿ ನಲವತ್ತೆರಡು ಮಕ್ಕಳು. ನಲವತ್ತೊಂದು ಮಕ್ಕಳು ಒಂದೇ ರಾತ್ರಿಯಲ್ಲಿ ತಮಿಳುನಾಡು ಸೇರಿದರು. ಎಲ್ಲರ ಪ್ರಾಜೆಕ್ಟಿಗೂ ಸಹಿ ಬಿತ್ತು, ಸೀಲೂ ಬಿತ್ತು. ಟ್ರಿಬ್ಯುನಲ್ಲು, ಸುಪ್ರೀಂ ಕೋರ್ಟು, ಬಂದ್ ಅಂತ ಸುಮ್ನೆ ಒದ್ದಾಡಿದೆವು. ಕಾವೇರಿ ಜಗಳ ಮುಗಿಸೋಕೆ ಒಂದು ಪಿಡಿಎಫ್ ಸಾಕಿತ್ತು.

ಕರ್ನಾಟಕದಲ್ಲೇ ಉಳಿದವಳು ನಮ್ಮ ಹುಡುಗಿ ಒಬ್ಬಳೇ.

ಅವಳು ಸ್ವಲ್ಪ ಹಠಮಾರಿ. ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡು ಹೋಗಿ ತಾರಸಿಯ ಮಧ್ಯ ಇಟ್ಟಳು. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬಿಯೇ ಬೇಕು ಅಂತ ಅಕ್ಕನ ಹತ್ತಿರ ಜಗಳ ಆಡಿ ತಗೊಂಡಿದ್ದು. ರಾತ್ರಿ ಮಳೆ ಬಂತು. ಬೆಳಗ್ಗೆ ಸ್ಕೇಲ್ ಇಳಿಸಿ ನೋಡಿದಳು, 18 ಮಿಲಿಮೀಟರ್. ತಾರಸಿ 30 ಅಡಿಗೆ 20 ಅಡಿ, ಅಂದರೆ ಹತ್ತಿರ ಹತ್ತಿರ 56 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗುಣಿಸಿದಳು. ಸಾವಿರ ಲೀಟರ್! ಒಂದು ರಾತ್ರಿಯ ಮಳೆ, ಒಂದು ಸಿಂಟೆಕ್ಸ್ ತುಂಬುವಷ್ಟು ನೀರು, ಸೀದಾ ಮೋರಿಗೆ. ಆಮೇಲೆ ಅಜ್ಜಿಯ ಹತ್ತಿರ ಕೂತು, ಹಳೇ ಮನೆಯ ಬಾವಿ ಯಾವ ವರ್ಷ ಬತ್ತಿತು, ಮಾಡಿನ ನೀರಿಗೆ ಹಂಡೆ ಹೇಗೆ ಇಡುತ್ತಿದ್ದರು ಅಂತ ಕೇಳಿ ಬರೆದುಕೊಂಡಳು.

ಬರೆಯುವಾಗ ನನ್ನ ಹತ್ತಿರ ಬಂದಳು. "ಮಾಮ, 2009 ಅನ್ನೋದು ನಾನೂ ಬೇರೆ ಕಡೆ ಓದಿದ್ದೇ ಅಲ್ವಾ? ಅದೂ ಕಾಪಿನಾ?"

ಇಷ್ಟು ನೇರವಾದ ಪ್ರಶ್ನೆ ಶಾಲೆಯಲ್ಲಿ ಯಾರೂ ಕೇಳಿಲ್ಲ ಅನಿಸುತ್ತೆ. ಓದಿ ತಗೊಂಡರೆ ತಪ್ಪಿಲ್ಲ ಪುಟ್ಟಿ, ತಗೊಂಡದ್ದನ್ನು ಮುಚ್ಚಿಟ್ಟರೆ ತಪ್ಪು ಅಂದೆ. ಎಲ್ಲಿ ಓದಿದೆ ಅಂತ ಓದುವಾಗಲೇ ಬರೆದಿಟ್ಟುಕೋ, ಆಮೇಲೆ ಹುಡುಕಿದರೆ ಸಿಗಲ್ಲ. ಸಾಲನ್ನು ಇದ್ದ ಹಾಗೇ ಎತ್ತಿದರೆ ಉದ್ಧರಣ ಚಿಹ್ನೆ ಹಾಕು. 'ಮಳೆ' ಇದ್ದಲ್ಲಿ 'ವರ್ಷಧಾರೆ' ಅಂತ ಬದಲಾಯಿಸಿದರೆ ಸಾಲು ನಿನ್ನದಾಗಲ್ಲ, ಕದ್ದ ಸೈಕಲ್ಲಿಗೆ ಬೇರೆ ಬಣ್ಣ ಹೊಡೆದ ಹಾಗೆ ಅದು. ಪುಸ್ತಕ ಮುಚ್ಚಿಟ್ಟು, ಅರ್ಥ ಆದದ್ದನ್ನು ನಿನ್ನ ಮಾತಲ್ಲಿ ಬರಿ. ಬರೆದ ಮೇಲೂ ವಿಷಯ ಯಾರದ್ದು ಅಂತ ಹೇಳು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನೋದಕ್ಕೆ ಆಕರ ಬೇಡ, ಅದು ಎಲ್ಲರಿಗೂ ಗೊತ್ತಿರುವ ವಿಷಯ. 'ಆಕರ: ಗೂಗಲ್' ಅಂತ ಮಾತ್ರ ಬರೀಬೇಡ. ಸಕ್ಕರೆ ಯಾರ ಮನೆಯಿಂದ ತಂದೆ ಅಂದರೆ ರಸ್ತೆಯಿಂದ ಅಂದ ಹಾಗಾಗುತ್ತೆ. ವಿಕಿಪೀಡಿಯ ಪುಕ್ಕಟೆ ನಿಜ, ಆದರೆ ಅದನ್ನು ಬಳಸುವವರು ಹೆಸರು ಹೇಳಲೇಬೇಕು ಅನ್ನೋದು ಅವರ ಪರವಾನಗಿಯಲ್ಲೇ ಇದೆ.

ಹಾಗೆ ನೋಡಿದರೆ ನಮ್ಮವರಿಗೆ ಈ ವಿಷಯದಲ್ಲಿ ಹೊರಗಿನವರು ಪಾಠ ಹೇಳೋದೇ ಬೇಡ. ವಚನಕಾರರು ವಚನದ ಕೊನೆಗೆ ಅಂಕಿತ ಹಾಕದೆ ಬಿಡುತ್ತಿರಲಿಲ್ಲ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕಮಹಾದೇವಿ. ಎಂಟುನೂರು ವರ್ಷ ಆದ ಮೇಲೂ ಯಾರ ಮಾತು ಯಾರದ್ದು ಅಂತ ಬೇರೆ ಮಾಡೋಕೆ ಆಗೋದು ಅದರಿಂದಲೇ. ಪಂಪ ಮಹಾಭಾರತದ ಕಥೆ ತಗೊಂಡ. ತಗೊಂಡು ಸುಮ್ಮನಿರಲಿಲ್ಲ, ನಾನು ವ್ಯಾಸರ ಮಾತಿನ ಕಡಲಲ್ಲಿ ಈಜುತ್ತಿದ್ದೇನೆ, ನಾನೇ ವ್ಯಾಸ ಅನ್ನುವ ಗರ್ವ ನನಗಿಲ್ಲ ಅಂತ ಶುರುವಿನಲ್ಲೇ ಹೇಳಿಬಿಟ್ಟ. ಗದುಗಿನ ನಾರಣಪ್ಪ ಇನ್ನೂ ಒಂದು ಹೆಜ್ಜೆ ಮುಂದೆ. ಕುಮಾರವ್ಯಾಸ ಅಂತಲೇ ಕರೆದುಕೊಂಡ, ಆಕರವನ್ನೇ ಹೆಸರು ಮಾಡಿಕೊಂಡ. ಅವನ ಹತ್ತಿರ 'ಆಕರ ಎಲ್ಲಪ್ಪಾ?' ಅಂತ ಯಾವ ಪರೀಕ್ಷಕ ಕೇಳುತ್ತಾನೆ? ಈಗ ಅದೇ ವಚನಗಳನ್ನು ಅಂಕಿತ ಕತ್ತರಿಸಿ, ಹಿಂದೆ ಸೂರ್ಯೋದಯದ ಫೋಟೋ ಹಾಕಿ, ಕೆಳಗೆ ತಮ್ಮ ಫೋನ್ ನಂಬರ್ ಬರೆದು ಶುಭೋದಯ ಕಳಿಸುವವರು ನಾವು.

ದೊಡ್ಡವರಿಗೆ ಕಾನೂನೂ ಇದೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2018ರ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರ ತನಕ ಹೋಲಿಕೆ ಇದ್ದರೆ ದಂಡ ಇಲ್ಲ. 40ರ ತನಕ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಪರ್ಸೆಂಟೇಜು ನಮ್ಮ ರಾಜ್ಯಕ್ಕೆ ಹೊಸದೇನಲ್ಲ, ಬಿಡಿ. ಆದರೆ ಇದು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ. ಹೈಸ್ಕೂಲಲ್ಲಿ ನೂರಕ್ಕೆ ನೂರು ಹೋಲಿಕೆ ಇದ್ದರೆ 'ನೀಟಾಗಿದೆ' ಅಂತ ಬೆನ್ನು ತಟ್ಟುತ್ತಾರೆ. ಹತ್ತು ವರ್ಷ ಹೀಗೆ ತಟ್ಟಿಸಿಕೊಂಡ ಮಗು ಪಿಎಚ್‌ಡಿಗೆ ಹೋದ ದಿನ ಇದ್ದಕ್ಕಿದ್ದ ಹಾಗೆ ಕಳ್ಳ ಆಗಿಬಿಡುತ್ತೆ.

ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 80 ಅಂಕ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ, ಪ್ರಾಜೆಕ್ಟೂ ಅದರಲ್ಲೇ. ಆ 80ಕ್ಕೆ 2024ರಲ್ಲಿ ಕ್ಯಾಮೆರಾ ಇಟ್ಟರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. ಟಿವಿಯಲ್ಲಿ ಎಷ್ಟು ದಿನ ಚರ್ಚೆ! ಉಳಿದ 20ರ ಮೇಲೆ ಯಾವ ಕ್ಯಾಮೆರಾನೂ ಇಲ್ಲ. ಅಲ್ಲಿ ಕಾಪಿ ಹೊಡೆಯದವರೇ ಸಿಕ್ಕಿಬೀಳುತ್ತಾರೆ.

ಸಿಕ್ಕಿಬಿದ್ದಳು. ಉಳಿದವರಿಗೆಲ್ಲ ಹತ್ತಕ್ಕೆ ಒಂಬತ್ತು, ಇವಳಿಗೆ ಆರು. ಕೆಂಪು ಪೆನ್ನಲ್ಲಿ ಮೂರು ಷರಾ. 'ಬಾರ್ಡರ್ ಹಾಕಿಲ್ಲ.' 'ಪುಟ ಕಡಿಮೆ.' ಮೂರನೆಯದು ಕೊನೆಯ ಪುಟದಲ್ಲಿತ್ತು. ಅಲ್ಲಿ ಇವಳು 'ಬಾವಿಯ ವಿಷಯ ಹೇಳಿದ್ದು: ನಮ್ಮ ಅಜ್ಜಿ, 78 ವರ್ಷ' ಅಂತ ಬರೆದಿದ್ದಳು. ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ವೆಬ್‌ಸೈಟ್ ಬರೆಯಿರಿ' ಅಂತಿತ್ತು.

ಇದನ್ನು ತಮಾಷೆ ಮಾಡೋಕೆ ಎರಡು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಆ ಟೀಚರ್ ಮೇಲೂ ಕೋಪ ಬರಲ್ಲ. ಅವರ ಮೇಜಿನ ಮೇಲೆ ಅಂಥವು ನೂರಾರು ಇರುತ್ತವೆ, ಅವರು ಬರೆಯುವ ಪಾಠ ಯೋಜನೆಯೂ ಯಾವುದೋ ಗ್ರೂಪಿಂದ ಬಂದದ್ದೇ ಇರುತ್ತೆ. ನೋಡೋಕೆ ಬರುವ ಸಾಹೇಬರು ಪುಟ ಎಣಿಸಿ ಹೋಗುತ್ತಾರೆ. ಓದುವವರು ಯಾರೂ ಇಲ್ಲ ಅಂತ ಗೊತ್ತಿದ್ದೂ ಮಕ್ಕಳ ಕೈಲಿ ಹನ್ನೆರಡು ಪುಟ ಬರೆಸುತ್ತೀವಲ್ಲ, ನಾಚಿಕೆ ಆಗಬೇಕು ನಮಗೆ.

ಮುಂದಿನ ಪ್ರಾಜೆಕ್ಟಿನ ಪಿಡಿಎಫ್ ಮೊನ್ನೆ ಬಂದಿದೆ. ವಿಷಯ ಸೌರಶಕ್ತಿ. ಹುಡುಗಿ ಎರಡು ಬಣ್ಣದ ಸ್ಕೆಚ್ ಪೆನ್ನು, ಒಂದು ಗ್ಲಿಟರ್ ಪೆನ್ನು ತರೋಕೆ ಹೇಳಿದ್ದಾಳೆ. ನಿನ್ನೆ ರಾತ್ರಿ ಮತ್ತೆ ಜೋರು ಮಳೆ. ಎಷ್ಟು ಮಿಲಿಮೀಟರ್ ಬಂತೋ, ಅಕ್ಕ ಆ ಡಬ್ಬಿಗೆ ರವೆ ತುಂಬಿಟ್ಟಿದ್ದಾಳೆ.