ಘಟ್ಟದ ಮೇಲಿನವರು ಕಡಲಿಗೆ ಹೋದದ್ದು

ದಾವಣಗೆರೆಯಿಂದ ಬೆಳಗ್ಗೆ ಹೊರಟರೆ ಕಡಲು ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದೆಂಬ ನಂಬಿಕೆ ನಮ್ಮ ಊರಿನಲ್ಲಿ ಬಹಳ ಹಳೆಯದು. ಹರಿಹರ, ಹೊನ್ನಾಳಿ, ಶಿವಮೊಗ್ಗ, ಸಾಗರಗಳನ್ನು ದಾಟಿ ಗೇರುಸೊಪ್ಪೆಯ ಘಟ್ಟ ಇಳಿದರೆ ಹೊನ್ನಾವರ. ಸುಮಾರು 250 ಕಿಲೋಮೀಟರ್. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದರಲ್ಲಿ ವ್ಯಾನಿನೊಳಗೆ ಕುಳಿತವರನ್ನು ಯಾರೂ ಸೇರಿಸಿರುವುದಿಲ್ಲ. ನಮ್ಮ ವ್ಯಾನಿನಲ್ಲಿ ಗಂಜಿ ಹಾಕಿದ ಬಿಳಿ ಪಂಚೆಯ ದೊಡ್ಡಪ್ಪ, ನದಿ ಕಂಡಲ್ಲೆಲ್ಲ ಕೈಮುಗಿಯುವ ಅಜ್ಜಿ, ಊಟದ ಉಸ್ತುವಾರಿ ಹೊತ್ತ ಅತ್ತೆ, ಕಿಟಕಿಗಾಗಿ ಕಾದಾಡುವ ಮಕ್ಕಳು, ಇವರೆಲ್ಲರ ನಡುವೆ ಒಂದು ಪೂರ್ತಿ ಸೀಟು ಹಿಡಿದು ಕುಳಿತ ಒಗ್ಗರಣೆ ಮಂಡಕ್ಕಿಯ ಚೀಲ.

ಹೋಗಬೇಕಾಗಿದ್ದದ್ದು ಕಾಸರಕೋಡಿಗೆ. ಹೊನ್ನಾವರದ ಶರಾವತಿ ಸೇತುವೆ ದಾಟಿದೊಡನೆ ಸಿಗುವ, ಗಾಳಿಮರಗಳ ನೆರಳಿನ, ಪುಟ್ಟದಾದ ಚೆಂದದ ಊರು ಅದು. ಡ್ರೈವರ್ ತನ್ನ ಮೊಬೈಲಿಗೆ ಕೇರಳದ ಕಾಸರಗೋಡನ್ನು ಹೇಳಿಕೊಟ್ಟಿದ್ದರಿಂದ ಅದು ಶಿವಮೊಗ್ಗದಿಂದಾಚೆ ನಮ್ಮನ್ನು ಮಂಗಳೂರಿನ ಕಡೆಗೆ ತಿರುಗಿಸಲು ಹಟ ಹಿಡಿಯಿತು. ಮೊಬೈಲಿನೊಳಗಿನ ಹೆಣ್ಣುಮಗಳಿಗೂ ದೊಡ್ಡಪ್ಪನಿಗೂ ಆನಂದಪುರದವರೆಗೆ ವಾದ ನಡೆದು, ಕೊನೆಗೆ ನೆಟ್‌ವರ್ಕ್ ಹೋದದ್ದರಿಂದ ದೊಡ್ಡಪ್ಪ ಗೆದ್ದರು.

ಗೆದ್ದ ಉತ್ಸಾಹದಲ್ಲಿ ಅವರು ಜೋಗದಲ್ಲಿಯೂ ಇಳಿಯಬೇಕೆಂದರು. ಮಾರ್ಚ್ ತಿಂಗಳಿನಲ್ಲಿ ಜೋಗದಲ್ಲಿ ನೀರು ಹುಡುಕುವುದು ತಾಳ್ಮೆಯ ಕೆಲಸ. ಲಿಂಗನಮಕ್ಕಿಯ ಅಣೆಕಟ್ಟು 1964ರಿಂದ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಟ್ಟುಕೊಳ್ಳುತ್ತಿರುವುದರಿಂದ, ಬೇಸಿಗೆಯಲ್ಲಿ 253 ಮೀಟರ್ ಎತ್ತರದ ಕಪ್ಪು ಬಂಡೆಯ ಮೇಲೆ ಬಿಳಿಯ ಎಳೆಯೊಂದು ಕಂಡರೆ ಅದೇ ಪುಣ್ಯ. ಇದು ರಾಜನೋ ರಾಣಿಯೋ ಎಂದು ತೀರ್ಮಾನವಾಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಹೊನ್ನಾವರ ತಲುಪಿದಾಗ ಮೊದಲು ಇಳಿದವರು ಅಜ್ಜಿ. ಶರಾವತಿ ಹುಟ್ಟುವ ಅಂಬುತೀರ್ಥವನ್ನು ಅವರು ಹಿಂದೆ ಎಂದೋ ಕಂಡು ಬಂದವರು. ರಾಮನ ಬಾಣದಿಂದ ಚಿಮ್ಮಿದ ಆ ನದಿಯು 128 ಕಿಲೋಮೀಟರ್ ಹರಿದು ಕಡಲು ಸೇರುವ ಜಾಗದಲ್ಲಿ ತೀರ್ಥ ತೆಗೆದುಕೊಳ್ಳದೆ ಹೋಗುವುದು ಅವರಿಂದ ಆಗದ ಮಾತು. ದೋಣಿ ಕಟ್ಟಿದ್ದ ಕಡೆ ಮೆಟ್ಟಿಲಿಳಿದು, ಬೊಗಸೆ ತುಂಬ ನೀರು ತೆಗೆದು, ಕಣ್ಣು ಮುಚ್ಚಿ ಬಾಯಿಗಿಟ್ಟವರು ಮುಚ್ಚಿದ ಕಣ್ಣನ್ನು ಬಹಳ ಹೊತ್ತು ತೆರೆಯಲಿಲ್ಲ. ಉಬ್ಬರದ ಹೊತ್ತಿನಲ್ಲಿ ಕಡಲ ನೀರು ಅಳಿವೆಯಿಂದ ಒಳನುಗ್ಗಿ ನದಿಯೊಳಗೆ ಮೈಲುಗಟ್ಟಲೆ ಏರುತ್ತದೆ; ದಡದಲ್ಲಿ ಕಾಂಡ್ಲಾ ಗಿಡಗಳು ಬೆಳೆಯುವುದೂ ಆ ಉಪ್ಪಿನಿಂದಲೇ. ಅಜ್ಜಿ ಉಗುಳುವಂತಿಲ್ಲ, ತೀರ್ಥ, ನುಂಗುವಂತಿಲ್ಲ, ಉಪ್ಪು. ಕೊನೆಗೆ ನುಂಗಿದರು. ಆಮೇಲೆ ಸಂಜೆಯವರೆಗೂ ಎಳನೀರು ಕೇಳುತ್ತಲೇ ಇದ್ದರು. ಈ ಗಡಿಬಿಡಿಯಲ್ಲಿ ಪಕ್ಕದ ರೈಲ್ವೆ ಸೇತುವೆಯ ಮೇಲೆ ರೈಲು ಹಾದುಹೋದದ್ದನ್ನು ಮಕ್ಕಳನ್ನು ಬಿಟ್ಟರೆ ಯಾರೂ ನೋಡಲಿಲ್ಲ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ, ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಅದು.

ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಮರಳು ಅಷ್ಟು ಚೊಕ್ಕಟವಾಗಿತ್ತು, ಉಗುಳಲು ಜಾಗ ಹುಡುಕುತ್ತಿದ್ದ ನಮ್ಮ ಡ್ರೈವರ್ ಎಲೆ ಅಡಿಕೆಯನ್ನು ದವಡೆಯಲ್ಲೇ ಇಟ್ಟುಕೊಂಡು ಅರ್ಧ ಗಂಟೆ ಮೂಕನಾಗಿದ್ದ. ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ಕಡಲನ್ನು ಈ ತುದಿಯಿಂದ ಆ ತುದಿಯವರೆಗೆ ಪರಿಶೀಲಿಸಿದರು. ಚನ್ನಗಿರಿ ಕಡೆಯ ಸೂಳೆಕೆರೆಯನ್ನು ಕಂಡು ಬೆಳೆದ ಅವರನ್ನು ಬರಿಯ ನೀರು ಬೆರಗುಗೊಳಿಸುವುದಿಲ್ಲ. ಇಷ್ಟು ನೀರಿಗೆ ಏರಿಯನ್ನು ಎಲ್ಲಿ ಕಟ್ಟಿದ್ದಾರೆ, ತೂಬು ಯಾವ ಕಡೆ, ಎಂದು ಅವರು ಕೇಳಿದ ಪ್ರಶ್ನೆಗೆ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಗೌರವದಿಂದಲೇ ಎದ್ದು ನಿಂತರು, ಆದರೆ ಉತ್ತರ ಹೇಳಲಿಲ್ಲ.

ಅತ್ತೆ ಗಾಳಿಮರದ ಬುಡದಲ್ಲಿ ಜಮಖಾನ ಹಾಸಿ ಮಂಡಕ್ಕಿಯ ಚೀಲದ ಬಾಯಿ ಬಿಚ್ಚಿದರು. ಬೆಳ್ಳುಳ್ಳಿ, ಶೇಂಗಾ, ಹುರಿಗಡಲೆ, ಕರಿಬೇವು ಹಾಕಿ ನಸುಕಿನಲ್ಲೇ ಒಗ್ಗರಣೆ ಕೊಟ್ಟ ಮಂಡಕ್ಕಿ. ಸಾಗರದಲ್ಲಿ ಮಕ್ಕಳಿಗೆಂದು ಒಮ್ಮೆ ಬಿಚ್ಚಿದ ಚೀಲವನ್ನು ಯಾರೋ ಸಡಿಲವಾಗಿ ಕಟ್ಟಿದ್ದರು. ಯಾರು ಎಂಬ ವಿಚಾರಣೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಪೇಪರಿನ ಮೇಲೆ ಸುರಿದಾಗ ಸರಸರನೆ ಸದ್ದಾಗಬೇಕಾದ ಮಂಡಕ್ಕಿ ಯಾವ ಸದ್ದೂ ಇಲ್ಲದೆ ಗುಡ್ಡೆಯಾಗಿ ಕುಳಿತಿತು. ಬಾಯಿಗೆ ಹಾಕಿಕೊಂಡರೆ ನೆನೆದ ಹತ್ತಿಯನ್ನು ಅಗಿದಂತೆ. ಮೈಯೆಲ್ಲ ರಂಧ್ರವಿರುವ ಮಂಡಕ್ಕಿ ಕರಾವಳಿಯ ತೇವದ ಗಾಳಿಯನ್ನು ಹೀರದೆ ಬಿಟ್ಟೀತೆ! ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನೊಳಗೆ ಬಿದ್ದು ಅರಳಿದ ಜೀವ, ಕಡಲ ಮರಳಿನ ಮೇಲೆ ಹೀಗೆ ಸೋತು ಮುದುಡಿದ್ದನ್ನು ನೋಡಿ ಅತ್ತೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಹಟಕ್ಕೆ ಬಿದ್ದು ಮಂಡಕ್ಕಿಯನ್ನು ಬಿಸಿಲಿನಲ್ಲಿ ಹರಡಿದರು. ಅಷ್ಟರಲ್ಲಿ ಬೀಸಿದ ಗಾಳಿ ಅದಕ್ಕೆ ಮರಳನ್ನು ಸೇರಿಸಿ ಹದ ಪೂರ್ತಿ ಮಾಡಿತು. ಹಸಿದವರೆಲ್ಲ ಹತ್ತಿರದ ಹೋಟೆಲಿಗೆ ಹೋಗಿ, ಕುಚ್ಚಲಕ್ಕಿ ಅನ್ನವನ್ನು ಅನುಮಾನದಿಂದ ನೋಡುತ್ತ, ಎರಡೆರಡು ಸಲ ಬಡಿಸಿಕೊಂಡು ಉಂಡೆವು.

ತಿರುಗಿ ಬಂದಾಗ ಚಪ್ಪಲಿಗಳಿರಲಿಲ್ಲ. ಕಾಲು ತೋಯಿಸಲು ಹೋಗುವ ಮುನ್ನ ದೊಡ್ಡಪ್ಪನ ಆಜ್ಞೆಯಂತೆ ನೀರಿನಿಂದ ಹತ್ತು ಹೆಜ್ಜೆ ಹಿಂದೆ, ಒಣಮರಳಿನ ಮೇಲೆ, ಶಾಲೆಯ ಮಕ್ಕಳಂತೆ ಅವನ್ನು ಸಾಲಾಗಿ ನಿಲ್ಲಿಸಲಾಗಿತ್ತು. ಕೆರೆಯ ನೀರಾದರೆ ಮಧ್ಯಾಹ್ನ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ಅಜ್ಜಿಗೆ ಉಪ್ಪು ಕುಡಿಸಿದ ಅದೇ ಉಬ್ಬರ, ಆರು ಗಂಟೆಗಳಷ್ಟು ಕಾಲ ಏರುವ ತನ್ನ ಪಾಡಿಗೆ ತಾನು ಏರಿ ಬಂದು ಸಾಲನ್ನು ಎತ್ತಿಕೊಂಡು ಹೋಗಿತ್ತು. ಹಿಂದಿನ ಉಬ್ಬರ ಬಿಟ್ಟುಹೋದ ಚಿಪ್ಪು, ಕಸಕಡ್ಡಿಗಳ ಗೆರೆ ಮರಳಿನ ಮೇಲೆ ಇರುತ್ತದೆ, ಅದಕ್ಕಿಂತ ಮೇಲೆ ಇಡಬೇಕಿತ್ತು ಎಂದು ಆ ಬಲೆಯವರು ಈಗ ತಿಳಿಸಿದರು. ತೂಬನ್ನು ಕೇಳಿದಾಗಲೇ ಹೇಳಬಹುದಿತ್ತಲ್ಲ ಎಂಬುದು ದೊಡ್ಡಪ್ಪನ ಆಕ್ಷೇಪ. ಕಡಲು ಅರ್ಧ ಗಂಟೆ ಯೋಚಿಸಿ ಅವರ ಎಡಗಾಲಿನದೊಂದನ್ನು ವಾಪಸು ಕೊಟ್ಟಿತು. ಇನ್ನೊಂದನ್ನು ತರಲು ಅವರು ಪಂಚೆ ಎತ್ತಿಕಟ್ಟಿ ನೀರಿಗಿಳಿದಾಗ ಕಾವಲಿನ ಹುಡುಗ ಸೀಟಿ ಊದಿದ. ಕಂಡಕ್ಟರನ ಸೀಟಿಗೆ ಮಾತ್ರ ಕಿವಿಗೊಡುವ ದೊಡ್ಡಪ್ಪ ನಿಲ್ಲಲಿಲ್ಲ. ಅಲೆ ಬಂದು ಗಂಜಿಯನ್ನಷ್ಟೇ ತೊಳೆದು ಅವರನ್ನು ದಡಕ್ಕೆ ಕಳಿಸಿತು.

ಕತ್ತಲಾದ ಮೇಲೆ ಬರಿಗಾಲಿನ ಮೆರವಣಿಗೆ ಹೊನ್ನಾವರದ ಪೇಟೆಯಲ್ಲಿ ಚಪ್ಪಲಿ ಅಂಗಡಿ ಹುಡುಕಿತು. ಉಳಿದ ಅಂಗಡಿಗಳು ಬಾಗಿಲೆಳೆಯುತ್ತಿದ್ದರೂ ಅದೊಂದರ ದೀಪ ಉರಿಯುತ್ತಿತ್ತು. ಭಾನುವಾರ ಘಟ್ಟದ ಮೇಲಿನವರು ಬರುವುದು ಇದೇ ಹೊತ್ತಿಗಾದ್ದರಿಂದ ತಡವಾಗಿ ಮುಚ್ಚುತ್ತೇನೆ ಎಂದ ಮಾಲೀಕರು, ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತ ದೊಡ್ಡಪ್ಪನನ್ನು ನೋಡಿ, ನಿಮಗೆ ಜೋಡಿಯೇ ಬೇಕೋ ಬಲಗಾಲಿನದು ಮಾತ್ರ ಸಾಕೋ ಎಂದು ವಿಚಾರಿಸಿದರು.