ಮೂಕಿ ಚಿತ್ರಕ್ಕೆ ಮೂರು ಮೈಕು

ಮೊನ್ನೆ ಆದಿತ್ಯವಾರ ಮಂಗಳೂರಲ್ಲಿ ಚಾಪ್ಲಿನ್‌ನ 'ದಿ ಗೋಲ್ಡ್ ರಶ್' ನೋಡ್ಲಿಕ್ಕೆ ಅಂತ ಹೋಗಿದ್ದೆ. ನೋಡ್ಲಿಕ್ಕೆ ಹೋದದ್ದು ಹೌದು, ಆದದ್ದು ಪೂರಾ ಕೇಳ್ಲಿಕ್ಕೆ. 1925ರ ಮೂಕಿ ಚಿತ್ರ ಮಾರಾಯ್ರೆ, ಒಂದೂವರೆ ಗಂಟೆ ಒಬ್ಬನ ಸ್ವರ ಹೊರಗೆ ಬರುದಿಲ್ಲ, ಆ ಕೊರತೆ ಜನಕ್ಕೆ ಗೊತ್ತಾಗ್ಬಾರ್ದು ಅಂತ ಸಂಘಟಕರು ವೇದಿಕೆ ಮೇಲೆ ಮೂರು ಮೈಕು, ಒಂಬತ್ತು ಕುರ್ಚಿ ಇಟ್ಟಿದ್ರು.

ಹೊರಗೆ ಗೇಟಿನ ಹತ್ತಿರ ಫ್ಲೆಕ್ಸು. ಅದರಲ್ಲಿ ಶುಭ ಕೋರುವವರು ಹದಿನೇಳು ಜನ ಕೈಮುಗಿದು ನಿಂತಿದ್ದಾರೆ, ಚಾಪ್ಲಿನ್ ಎಲ್ಲಿ ಅಂತ ಹುಡುಕಿದ್ರೆ ಕೆಳಗೆ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಲ್ಲಿ ಇದ್ದ, ಅವನ ಟೋಪಿ ಅರ್ಧ ಪ್ರಿಂಟಿಂಗ್ ಪ್ರೆಸ್ಸಿನ ನಂಬರಿಗೆ ಹೋಗಿತ್ತು. ಪ್ರಾಯೋಜಕರು ಚಿನ್ನದ ಅಂಗಡಿಯವರು. ಸಿನಿಮಾದ ಹೆಸರಲ್ಲಿ ಗೋಲ್ಡ್ ಉಂಟಲ್ಲ, ಅಷ್ಟು ಸಾಕು, ಕಥೆಯಲ್ಲಿ ಹಸಿವು ತಡೀಲಿಕ್ಕಾಗದೆ ಬೂಟು ಬೇಯಿಸಿ ತಿನ್ನುದು ಅಂತ ಅವರಿಗೆ ಯಾರೂ ಹೇಳಿರ್ಲಿಕ್ಕಿಲ್ಲ. ಒಳಗೆ ಹೋಗುವಾಗ ಕೂಪನ್ ಕೊಟ್ರು, ಮೇಕಿಂಗ್ ಚಾರ್ಜಲ್ಲಿ ಡಿಸ್ಕೌಂಟು, ಲಕ್ಕಿಡಿಪ್ಪಲ್ಲಿ ಒಂದು ಗ್ರಾಂ ನಾಣ್ಯ.

ಐದೂವರೆಗೆ ಅಂತ ಹೇಳಿದ್ದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚುದು, ಆ ದೀಪ ಫ್ಯಾನಿನ ಗಾಳಿಗೆ ಆರಿ ಮತ್ತೆ ಹಚ್ಚುದು, ಒಂಬತ್ತೂ ಜನಕ್ಕೆ ಶಾಲು, ಸ್ಮರಣಿಕೆ. ಯಕ್ಷಗಾನಕ್ಕೆ ಕಾಲಮಿತಿ ಬಂದು ಎಷ್ಟೋ ವರ್ಷ ಆಯ್ತು, ಸಭಾ ಕಾರ್ಯಕ್ರಮಕ್ಕೆ ಮಾತ್ರ ಇನ್ನೂ ಬರ್ಲಿಲ್ಲ. ಮುಖ್ಯ ಅತಿಥಿ 'ಚಾಪ್ಲಿನ್ ಮಾತಾಡದೆಯೇ ಜಗತ್ತನ್ನು ಗೆದ್ದವರು, ಇದರಿಂದ ನಾವು ಕಲಿಯಬೇಕಾದ್ದು ತುಂಬ ಉಂಟು' ಅಂತ ಶುರು ಮಾಡಿ ನಲ್ವತ್ತು ನಿಮಿಷ ಮಾತಾಡಿದ್ರು. ಇನ್ನೊಬ್ಬರು ಚಿತ್ರದ ಸಂಭಾಷಣೆ ತುಂಬ ಹರಿತವಾಗಿದೆ ಅಂದ್ರು. ನಾನು ಪಕ್ಕದವರ ಮುಖ ನೋಡಿದೆ, ಅವರು ತಲೆ ಆಡಿಸ್ತಾ ಇದ್ರು.

ನಗ್ಬೇಡಿ, ಆಸ್ಕರಿನವರೂ ಕಮ್ಮಿ ಇಲ್ಲ. 1942ರಲ್ಲಿ ಚಾಪ್ಲಿನ್ ತಾನೇ ಈ ಸಿನಿಮಾದ ಬರಹದ ಕಾರ್ಡುಗಳನ್ನೆಲ್ಲ ತೆಗ್ದು, ತನ್ನ ಸ್ವರದಲ್ಲೇ ಕಥೆ ಹೇಳಿ, ಸಂಗೀತ ಹಾಕಿ, ಅಲ್ಲಿ ಇಲ್ಲಿ ಕತ್ತರಿ ಆಡಿಸಿ ಮತ್ತೆ ಬಿಡುಗಡೆ ಮಾಡಿದ್ದು, ಅದಕ್ಕೆ ಶಬ್ದಗ್ರಹಣ ವಿಭಾಗದಲ್ಲಿ ನಾಮಿನೇಷನ್ ಸಿಕ್ಕಿತ್ತು. ಮೂಕಿ ಚಿತ್ರಕ್ಕೆ! ಮತ್ತೆ ಆ 1925ರ ಹಳೇ ರೂಪ ಎಲ್ಲೆಲ್ಲೋ ಚೆದುರಿ ಹೋದದ್ದನ್ನು ಇಟಲಿಯ ಬೊಲೊನ್ಯಾದ ಸಿನೆಟೆಕಾದವರು, ಅಂದ್ರೆ ಹಳೇ ಸಿನಿಮಾ ಕಾಪಾಡುವ ಸಂಸ್ಥೆಯವರು, ಒಟ್ಟು ಮಾಡಿ, ಗೀಟು ಒರೆಸಿ, 4ಕೆ ಮಾಡಿ 2025ರಲ್ಲಿ ಕಾನ್ ಉತ್ಸವದಲ್ಲಿ ತೋರ್ಸಿದ್ರು, ಜೂನ್ 26ಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ ಬೇರೆ ಬೇರೆ ದೇಶದ ಥಿಯೇಟರಲ್ಲಿ ಬಿಟ್ರು. ಆ ಬೊಲೊನ್ಯಾದವರ ಹೆಸರು ವೇದಿಕೆಯಲ್ಲಿ ಒಂದು ಸಲ ಬಂತು, ನಿರೂಪಕಿ 'ಬೆಂಗಳೂರಿನ ತಂಡ' ಅಂದ್ರು, ಜೋರು ಚಪ್ಪಾಳೆ ಬಿತ್ತು.

ಅಸಲಿಗೆ ನಮ್ಮ ಕರಾವಳಿಗೂ ಚಾಪ್ಲಿನ್‌ಗೂ ಹಳೇ ಲೆಕ್ಕ ಒಂದು ಉಂಟು, ಅದನ್ನು ಒಂಬತ್ತರಲ್ಲಿ ಒಬ್ಬರೂ ಎತ್ತಲಿಲ್ಲ. 2009ರಲ್ಲಿ ಬೈಂದೂರಿನ ಕಡಲ ಹತ್ತಿರ ಕನ್ನಡ ಸಿನಿಮಾದ ಶೂಟಿಂಗಿಗೆ ಅಂತ 67 ಅಡಿಯ ಚಾಪ್ಲಿನ್ ಪ್ರತಿಮೆ ನಿಲ್ಲಿಸ್ಲಿಕ್ಕೆ ಹೊರಟಾಗ, ಅವ ಕ್ರಿಶ್ಚಿಯನ್, ಇಲ್ಲೇ ದೇವಸ್ಥಾನ ಉಂಟು, ಆಗ್ಲಿಕ್ಕಿಲ್ಲ ಅಂತ ಕೆಲವರು ಅಡ್ಡ ಬಂದ್ರು, ವಿದೇಶದ ಪೇಪರಲ್ಲೂ ನಮ್ಮ ಬೈಂದೂರಿನ ಹೆಸರು ಬಂತು. ಬ್ರಿಟನ್ನಿನ ಗೂಢಚಾರರು, ಎಂಐ5 ಅಂತ ಕೇಳಿರ್ಬಹುದು, ಈ ಮನುಷ್ಯ ಹುಟ್ಟಿದ್ದಾದ್ರೂ ಎಲ್ಲಿ ಅಂತ ಹುಡುಕಿ ಹುಡುಕಿ ಜನನ ದಾಖಲೆ ಸಿಗದೆ ಕೈ ಚೆಲ್ಲಿದವರು. ನಮ್ಮವರಿಗೆ ಜಾತಕ ಸಮೇತ ಸಿಕ್ಕಿತ್ತು ನೋಡಿ.

ಇನ್ನು ನಮ್ಮದೇ ಮೂಕಿ ಚಿತ್ರ. ಕೋಟದ ಶಿವರಾಮ ಕಾರಂತರು 1930ರ ಆಸುಪಾಸಲ್ಲಿ 'ಡೊಮಿಂಗೊ', 'ಭೂತರಾಜ್ಯ' ಅಂತ ಮೂಕಿ ಚಿತ್ರ ಮಾಡಿದ್ರು. ಮಂಗಳೂರಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1931ರ ಮೂಕಿ 'ಮೃಚ್ಛಕಟಿಕ'ದಲ್ಲಿ ಪಾತ್ರ ಮಾಡಿದ್ರು. ಕೇಳ್ಲಿಕ್ಕೆ ಚಂದ, ನೋಡ್ಲಿಕ್ಕೆ ರೀಲು ಇಲ್ಲ. ಆ ಕಾಲದಲ್ಲಿ ದೇಶದಲ್ಲಿ 1300ಕ್ಕೂ ಹೆಚ್ಚು ಮೂಕಿ ಚಿತ್ರ ಆಗಿತ್ತಂತೆ, ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ದ್ದೇ ನಾಲ್ಕು ರೀಲಲ್ಲಿ ಮೊದಲಿಂದು, ಕಡೇದು ಮಾತ್ರ ಉಳಿದಿರುವಾಗ ಬೇರೆಯವರದ್ದು ಎಂತ ಕೇಳುದು. ಬೆಂಕಿಗೆ ಹೋದದ್ದು ಸ್ವಲ್ಪ, ಗೋಡೌನಲ್ಲಿ ಅಂಟಂಟಾಗಿ ಕೊಳೆತದ್ದು ಸ್ವಲ್ಪ, ಇನ್ನು ಸ್ವಲ್ಪ ಫಿಲ್ಮಲ್ಲಿರುವ ಬೆಳ್ಳಿ ತೆಗೀಲಿಕ್ಕೆ ಕರಗಿಸಿದ್ದು. ಹಳೇದು ಕೊಟ್ಟು ಹೊಸತು ತಗೊಳ್ಳುವ ಆಫರು ನಮ್ಮಲ್ಲಿ ಆಗ್ಲೇ ಇತ್ತು, ಪ್ರಾಯೋಜಕರು ಇದನ್ನು ಕೂಪನಲ್ಲಿ ಹಾಕ್ಬಹುದಿತ್ತು. ಹಿಂದಿನ ಸಾಲಿನ ರಿಟೈರ್ಡ್ ಮೇಷ್ಟ್ರೊಬ್ಬರು ಎದ್ದು 'ಕಾರಂತರ ರೀಲಿನ ಬಗ್ಗೆ ಒಂದು ಮಾತು ಹೇಳ್ಬಹುದಾ' ಅಂತ ಕೇಳಿದ್ರು ಪಾಪ. ಸಮಯದ ಅಭಾವ ಇದೆ, ದಯವಿಟ್ಟು ಸಹಕರಿಸಿ ಅಂತ ಕೂರ್ಸಿದ್ರು. ಆಮೇಲೆ ಲಕ್ಕಿಡಿಪ್ ಆಯ್ತು.

ಏಳು ಮುಕ್ಕಾಲಿಗೆ ಲೈಟು ಹೋಯ್ತು. ಪರದೆ ಮೇಲೆ ಹಿಮ, ಸಾಲಾಗಿ ಗುಡ್ಡೆ ಹತ್ತುವ ಜನ, ಎಷ್ಟು ಸ್ವಚ್ಛ ಅಂದ್ರೆ ನಿನ್ನೆ ತೆಗೆದ ಹಾಗೆ. ಒಂದು ನಿಮಿಷ ನಂಗೆ ಮಂಗಳೂರು, ಸೆಕೆ, ಭಾಷಣ ಎಲ್ಲ ಮರ್ತೇ ಹೋಯ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ 'ವಾಲ್ಯೂಮ್ ಕೊರ್ಲೆ ಮಾರಾಯ್ರೆ' ಅಂದ್ರು, ವಾಲ್ಯೂಮ್ ಕೊಡಿ ಅಂತ ತುಳುವಲ್ಲಿ. ಬೂಟು ತಿನ್ನುವ ಸೀನು ಬಂತು. ಆ ಬೂಟು ಜೇಷ್ಠಮಧುವಿಂದು, ಮೂರು ದಿವಸ 63 ಟೇಕ್ ತೆಗ್ದು ತಿಂದದ್ದಕ್ಕೆ ನಟರ ಹೊಟ್ಟೆ ಕೆಟ್ಟು ಹೋಗಿತ್ತಂತೆ. ಗಂಟಲು ಕಟ್ಟಿದ್ರೆ ನಮ್ಮಜ್ಜಿ ಕೊಡ್ತಿದ್ದದ್ದು ಅದನ್ನೇ. ವೇದಿಕೆಯವರಿಗೆ ಸ್ಮರಣಿಕೆ ಬದ್ಲು ಒಂದೊಂದು ಬೂಟು ಕೊಡ್ಬಹುದಿತ್ತು.

ಫೋರ್ಕಿಗೆ ಬನ್ನು ಚುಚ್ಚಿ ಕುಣಿಸುವಾಗ ಸ್ಪೀಕರಿನ ವೈರು ಕಿತ್ತು ಹೋಗಿ ನಿಜವಾಗ್ಲೂ ಮೌನ ಆಯ್ತು. ಮಕ್ಕಳು ಬಾಯಿ ಬಿಟ್ಟು ನೋಡ್ತಾ ಇದ್ವು, ಇಡೀ ಹಾಲಲ್ಲಿ ಒಂದು ಚಿಪ್ಸಿನ ಪ್ಯಾಕೆಟಿನ ಶಬ್ದ ಇಲ್ಲ. ಕೂಡ್ಲೆ ಒಬ್ಬರು ಓಡಿ ಬಂದು ಮೈಕ್ ಹಿಡಿದು 'ಸೌಂಡ್ ಪ್ರಾಬ್ಲಮ್‌ಗೆ ವಿಷಾದಿಸ್ತೇವೆ, ಯಾರೂ ಎದ್ದು ಹೋಗ್ಬಾರ್ದು' ಅಂದ್ರು, ಎರಡೆರಡು ಸಲ, ಕನ್ನಡದಲ್ಲಿ ಒಮ್ಮೆ, ತುಳುವಲ್ಲಿ ಒಮ್ಮೆ.

ಹಡಗಿನ ಮೇಲೆ ಚಾಪ್ಲಿನ್ ನಾಯಕಿಗೆ ಮುತ್ತು ಕೊಡುವಲ್ಲಿಗೆ ಸಿನಿಮಾ ಮುಗಿಯುದು. 1942ರಲ್ಲಿ ಅವನೇ ಕತ್ತರಿ ಹಾಕಿ ತೆಗೆದಿದ್ದ ಮುತ್ತು, ಬೊಲೊನ್ಯಾದವರು ಜೋಪಾನವಾಗಿ ಇಲ್ಲಿವರೆಗೆ ಮುಟ್ಟಿಸಿದ್ದು. ಅಷ್ಟೊತ್ತಿಗೆ ಹಾಲಿನ ಬಾಡಿಗೆ ಟೈಮ್ ಮುಗೀತಾ ಬಂದಿತ್ತು ಕಾಣ್ತದೆ, ಧನ್ಯವಾದ ಸಮರ್ಪಣೆಯವರು ಬಿಳಿ ಶರ್ಟು ಹಾಕ್ಕೊಂಡು ಸೀದಾ ಪರದೆ ಎದುರು ಬಂದು ನಿಂತು ಚೀಟಿ ಬಿಡಿಸಿ ಓದ್ಲಿಕ್ಕೆ ಶುರು ಮಾಡಿದ್ರು. ಮುತ್ತು ಅವರ ಬೆನ್ನ ಹಿಂದೆ ಎಲ್ಲೋ ಹೋಯ್ತು. ಸಿನಿಮಾದೊಳಗಿನ ಫೋಟೋಗ್ರಾಫರ್ ಸಿಟ್ಟಲ್ಲಿ ಚಿತ್ರ ಹಾಳು ಮಾಡಿದ್ರಲ್ಲ ಅನ್ನುವ ಕಾರ್ಡು ಬಂತು, ಅಕ್ಷರ ಎಲ್ಲ ಅವರ ಶರ್ಟಿನ ಮೇಲೆ ದಪ್ಪಕ್ಕೆ ಬಿತ್ತು. ಅವರು ಶಾಮಿಯಾನದವರಿಗೆ ಧನ್ಯವಾದ ಹೇಳ್ತಾ ಇದ್ರು.